ಓಣಿಯ ಬಾಯಿಗೆ ನಿಂತ ಗಾಡಿ

ಶಂಕ್ರೆಪ್ಪ ಮಿಸ್ತ್ರಿ ಎಂಥ ಪಂಪನ್ನಾದರೂ ಬಿಚ್ಚಿಯಾನು, ತನ್ನ ಬಾಯಿ ಮಾತ್ರ ಬಿಚ್ಚಲಾರ. ಭೋಸರಿಯ ಕಾರ್ಖಾನೆಗಳ ನಡುವೆ ತಗಡಿನ ಗ್ಯಾರೇಜು ಹಾಕಿಕೊಂಡು, ಡೀಸೆಲ್ ಲಾರಿಗಳ ಹೊಟ್ಟೆಯಲ್ಲಿ ಕೈಯಿಟ್ಟು ತಲೆ ನರೆಸಿಕೊಂಡ ಮನುಷ್ಯ. ಗಿರಾಕಿ ಬೈದರೂ ಸುಮ್ಮನೆ, ಹೊಗಳಿದರೂ ಸುಮ್ಮನೆ. ಇಂಥವನು ಜನ್ಮದಲ್ಲಿ ಒಂದು ದೊಡ್ಡ ಸುಳ್ಳು ಹೇಳಿದ, ಅದೂ ಒಡಹುಟ್ಟಿದ ಅಕ್ಕನಿಗೆ. ರೂಢಿ ಇಲ್ಲದವನು ಸುಳ್ಳು ಹೇಳಬಾರದು. ಹೇಳಿದರೆ ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೊತ್ತುಕೊಂಡೇ ತಿರುಗುತ್ತಾನೆ.

ಅಕ್ಕನ ಹೆಸರು ಮಾನಮ್ಮ. ಗಂಡ ತೀರಿಕೊಂಡ ಮೇಲೆ ಸೇಡಂ ಕಡೆಯ ಹಳ್ಳಿ ಬಿಟ್ಟು, ಒಬ್ಬನೇ ಮಗ ಪ್ರೇಮಕುಮಾರನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಮ್ಮನ ಬೆನ್ನಿಗೆ ಪುಣೆಗೆ ಬಂದವಳು. ಕಟ್ಟಡದ ಕೆಲಸಕ್ಕೆ ಹೋದಳು, ಕಲ್ಲು ಹೊತ್ತಳು, ಉಸುಕು ಹೊತ್ತಳು, ಮನೆಗೆ ಬಂದು ಜೋಳ ಬೀಸಿ ರೊಟ್ಟಿ ಬಡಿದಳು. ಊರಿನಿಂದ ತಂದ ಆಸ್ತಿಯೆಂದರೆ ಆ ಬೀಸುವ ಕಲ್ಲು ಒಂದೇ. ಗಿರಣಿಯ ಹಿಟ್ಟಿನ ರೊಟ್ಟಿ ರಬ್ಬರಿನಂತಿರುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ. ಮಗ ಬೆಳೆದು ಲಾರಿ ಡ್ರೈವರನಾದ. ಶಂಕ್ರೆಪ್ಪ ತನ್ನ ಮಗಳು ಅನುಸೂಯಾಳನ್ನು ಅವನಿಗೇ ಕೊಟ್ಟ. ಅಕ್ಕನ ಮಗನಿರುವಾಗ ಹೊರಗೆ ವರ ಹುಡುಕುವುದು ಆ ಕಡೆಯ ಜನಕ್ಕೆ ಒಪ್ಪುವ ಮಾತಲ್ಲ. ಹೆಂಡತಿ ಸತ್ತ ಮೇಲೆ ಅವನೂ ಅವರ ಪಕ್ಕದ ಖೋಲಿಗೇ ಬಂದು, ಮಗಳ ಕೈಯಡಿಗೆ ಉಂಡುಕೊಂಡಿದ್ದ.

ಪ್ರೇಮಕುಮಾರ ಓಡಿಸುತ್ತಿದ್ದದ್ದು ಅಪ್ಪಾಸಾಹೇಬ ಎಂಬ ಮಾಲಕನ ಹಳೆಯ ಲಾರಿ. ಮುಂದೆ ಉದ್ದ ಮೂತಿ, ಎಡಗಡೆಯ ಕನ್ನಡಿ ಸಡಿಲ, ಸ್ಟಾರ್ಟರಿನ ವಿಷಯ ದೇವರಿಗೇ ಬಿಟ್ಟದ್ದು. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಮಾಡಲು ಓಣಿಯ ಗಂಡಸರೆಲ್ಲ ಬಂದು ನೂಕಬೇಕು. ಹಾಗಾಗಿ ಅವನು ಸಂಜೆ ಓಣಿಯ ಬಾಯಿಗೆ, ಲಾರಿ ತೂಗುವ ಕಾಟಾದ ಎದುರು ಗಾಡಿ ನಿಲ್ಲಿಸಿದರೂ ಇಂಜಿನು ಬಂದ್ ಮಾಡುತ್ತಿರಲಿಲ್ಲ. ಅವನು ಮನೆಗೆ ಬಂದು ಉಂಡು ಬುತ್ತಿ ಕಟ್ಟಿಸಿಕೊಂಡು ಹೋಗುವ ತನಕ ಅದು ಅಲ್ಲೇ ಗುರುಗುಡುತ್ತ ನಿಂತಿರುತ್ತಿತ್ತು. ಹಾಗೆ ನಿಂತಲ್ಲೇ ಓಡುವ ಇಂಜಿನಿನ ವೇಗಕ್ಕೆ ಗ್ಯಾರೇಜಿನವರು ‘ಸ್ಲೋ’ ಎನ್ನುತ್ತಾರೆ. ಈ ಸ್ಲೋದ ವಿಷಯಕ್ಕೆ ಮಾವ–ಅಳಿಯರಿಗೆ ಸದಾ ಜಗಳ.

“ಇನ್ನಷ್ಟು ಕಮ್ಮಿ ಮಾಡು ಮಾಮಾ,” ಅನ್ನುತ್ತಿದ್ದ ಪ್ರೇಮಕುಮಾರ, ಮಡ್‌ಗಾರ್ಡಿನ ಮೇಲೆ ಮೊಣಕೈಯೂರಿ.

“ಇದಕ್ಕಿಂತ ಕಮ್ಮಿ ಮಾಡಿದ್ರ ಆಯಿಲ್ ಎತ್ತಂಗಿಲ್ಲಲೇ. ಒಳಗ ಬೇರಿಂಗ್ ತಿಂದು ಹೋಗ್ತದ.”

“ಹೋದ್ರ ಹೋಗ್ಲಿ, ಮಾಲಕನ ಬೇರಿಂಗ್. ನಮ್ಮವ್ವ ಜ್ವಾಳ ಬೀಸೂ ಮುಂದ ಕಲ್ಲಿನ ದನಿ ಬರ್ತದ ನೋಡು, ಹಂಗ ಕೇಳಬೇಕು. ಆ ದನಿ ಕೇಳಿದ್ರ ನನಗ ಹಸಿವಿ ಆಗ್ತದ.”

ಶಂಕ್ರೆಪ್ಪ ಬೈಯುತ್ತಲೇ ಸ್ಕ್ರೂ ತಿರುಗಿಸಿ ಕೊಟ್ಟಿದ್ದ. ಅಳಿಯನ ಮುಂದೆ ಅವನ ಕಸುಬಿನ ಶಿಸ್ತು ನಡೆಯುತ್ತಿರಲಿಲ್ಲ. ಇಂಜಿನು ಇನ್ನೇನು ನಿಂತೇ ಹೋಯಿತು ಎನ್ನುವಷ್ಟು ಇಳಿದು, ಒಂದು ಕ್ಷಣ ತಡೆದು, ಮತ್ತೆ ಎತ್ತಿಕೊಳ್ಳುತ್ತಿತ್ತು. ಗುರ್ರ್... ಗುರ್ರ್... ನಡುವೆ ಸಡಿಲ ಕನ್ನಡಿಯದೊಂದು ಟಕ್ಕು. ಕಲ್ಲಿನ ಗೂಟ ಹಿಡಿದ ಕೈ ಒಂದು ಸುತ್ತು ಮುಗಿಸಿ ಇನ್ನೊಂದು ಹಿಡಿ ಕಾಳು ಹಾಕಿದಂತೆಯೇ ಇತ್ತು, ಸುಳ್ಳಲ್ಲ. ಆ ದನಿ ಕೇಳಿದೊಡನೆ ಮಾನಮ್ಮ ಒಳಗಿನಿಂದ ಕೂಗುತ್ತಿದ್ದಳು, “ಅನುಸೂಯಾ, ತಾಟ ಇಡು. ನನ್ನ ಕಲ್ಲು ಗಾಡ್ಯಾಗ ಹಾಕ್ಕೊಂಡು ಬಂದಾ ನೋಡು ನನ್ನ ಮಗ.”

ಮೊಬೈಲು ಇನ್ನೂ ಬಡವರ ಕಿಸೆಗೆ ಬರದ, ಮೂಲೆಮೂಲೆಗೆ ಎಸ್‌ಟಿಡಿ ಬೂತುಗಳಿದ್ದ ಕಾಲ ಅದು. ಆ ವರ್ಷ ಮಾನಮ್ಮನ ಕಣ್ಣು ಪೂರಾ ಮಂಜಾದವು. ಆಪರೇಶನ್ ಬೇಡವೆಂದು ಅವಳು ಹಟ ಹಿಡಿದಳು, ಊರಿಗೆ ಹೋಗಿ ಸಾಯುತ್ತೇನೆಂದಳು. ಮಗ ಕೇಳಲಿಲ್ಲ. ಎತ್ತಿ ರಿಕ್ಷಾದಲ್ಲಿ ಕೂರಿಸಿ ಶಿವಾಜಿನಗರದ ದವಾಖಾನೆಗೆ ಕರೆದೊಯ್ದ. ಗೇಟಿನಲ್ಲಿ ಅವಳು ಎಲ್ಲರಿಗೂ ಕೇಳುವಂತೆ, “ಕಣ್ಣ ಬಂದ್ರೂ ನಿನ್ನ ಮಾರಿ ನೋಡಂಗಿಲ್ಲ, ಹೋಗಲೇ!” ಎಂದಳು. ಅವನು ನಕ್ಕು, ಅವಳ ಸೆರಗು ಸರಿಮಾಡಿ, ಕೊಲ್ಹಾಪುರದ ಮಾಲು ಹೇರಲು ಹೋದ.

ಮರುದಿನ ನಸುಕಿಗೆ ಖಂಬಾಟಕಿ ಘಾಟಿನಲ್ಲಿ, ಮಾಲಿನ ಹಗ್ಗ ಸಡಿಲಾಗಿದೆಯೆಂದು ಇಳಿದು ಬಿಗಿಯುತ್ತಿದ್ದವನನ್ನು ಹಿಂದಿನಿಂದ ಬಂದ ಜೀಪೊಂದು ಬಡಿದು ನಿಲ್ಲದೆ ಹೋಯಿತು. ಬೆಳಗಾಗಿ ಜನ ನೋಡುವ ತನಕ ಲಾರಿ ತನ್ನ ಪಾಡಿಗೆ ತಾನು ಸ್ಲೋದಲ್ಲಿ ಬೀಸುತ್ತಲೇ ನಿಂತಿತ್ತಂತೆ. ಅದಕ್ಕೆ ಏನೂ ಆಗಿರಲಿಲ್ಲ.

ಅಳಿಯನನ್ನು ಮಣ್ಣು ಮಾಡಿ ಬಂದ ಶಂಕ್ರೆಪ್ಪ ದವಾಖಾನೆಗೆ ಹೋದಾಗ ಮಾನಮ್ಮನ ಕಣ್ಣಿಗೆ ಕಟ್ಟು ಕಟ್ಟಿದ್ದರು. ಬಾಗಿಲಲ್ಲೇ ನರ್ಸಮ್ಮ ತಡೆದು, ಅಜ್ಜಿ ಅಳಬಾರದು, ಅತ್ತರೆ ಹೊಲಿಗೆ ಬಿಚ್ಚುತ್ತವೆ ಎಂದು ಮರಾಠಿಯಲ್ಲಿ ಎಚ್ಚರಿಸಿದಳು. ಕಾಲಸಪ್ಪಳ ಕೇಳಿ ಮಾನಮ್ಮ ತಲೆಯೆತ್ತಿದಳು.

“ಪ್ರೇಮ ಎಲ್ಲಿ? ಸಿಟ್ಟಿಗೆ ಬಂದಾನೇನು?”

“ಮಾಲಕ ಗುಜರಾತ ಲೈನಿಗೆ ಹಾಕ್ಯಾನ ಯಕ್ಕಾ. ಬರೂದು ತಡ ಆಗ್ತದ,” ಎಂದ ಶಂಕ್ರೆಪ್ಪ.

ಕಟ್ಟು ಬಿಚ್ಚುವ ತನಕ ಸಾಕು ಎಂದುಕೊಂಡಿದ್ದ ಪುಣ್ಯಾತ್ಮ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರಲ್ಲ, ಅಂಥ ಲೆಕ್ಕ. ಆದರೆ ಕಟ್ಟು ಬಿಚ್ಚಿದಾಗ ಬೆಳಕು ಬರಲಿಲ್ಲ. ಒಳಗಿನ ನರ ಮೊದಲೇ ಒಣಗಿತ್ತು, ಡಾಕ್ಟರು ಹೀಗಾಗಬಹುದೆಂದು ಮುಂಚೆಯೇ ಹೇಳಿದ್ದರು. ಬಿಸಿಲಿಗೂ ನೆರಳಿಗೂ ಇರುವ ವ್ಯತ್ಯಾಸವಷ್ಟೇ ಅವಳ ಪಾಲಿಗೆ ಉಳಿಯಿತು. ಕಣ್ಣು ಹೋದವಳಿಗೆ ಮಗನೂ ಹೋದನೆಂದು ಯಾವ ನಾಲಿಗೆಯಿಂದ ಹೇಳುವುದು? ಇವತ್ತು ಬೇಡ, ನಾಳೆ. ನಾಳೆ ಅಮಾವಾಸ್ಯೆ, ನಾಡಿದ್ದು. ಹೀಗೆ ಮಳೆಗಾಲ ಕಳೆದು ಚಳಿ ಬಿತ್ತು. ಪಕ್ಕದ ಮನೆಯ ಶಿವಬಸವ್ವನಿಂದ ಹಿಡಿದು ಕಿರಾಣಿ ಅಂಗಡಿಯವನ ತನಕ ಎಲ್ಲರೂ ಆ ಸುಳ್ಳಿಗೆ ಒಂದೊಂದು ಕೈ ಕೊಟ್ಟು ಹಿಡಿದುಕೊಂಡಿದ್ದರು. ಗುಜರಾತಿನಿಂದ ಬೂತಿಗೆ ಮಗನ ಫೋನು ಬರುತ್ತಿತ್ತಂತೆ, ಶಂಕ್ರೆಪ್ಪನೇ ಅದನ್ನು ಕೇಳಿಕೊಂಡು ಬರುತ್ತಿದ್ದ.

ಈ ಸುಳ್ಳಿನ ನಿಜವಾದ ಭಾರ ಬಿದ್ದದ್ದು ಅನುಸೂಯಾಳ ಮೇಲೆ. ಕಾಣದ ಅತ್ತೆಗೆ ಕುಂಕುಮ ಕಾಣುವುದಿಲ್ಲ, ಸರಿ. ಆದರೆ ಬಳೆ ಕೇಳುತ್ತದೆ. ಬರಿಗೈಯಲ್ಲಿ ರೊಟ್ಟಿ ಬಡಿದರೆ ಮಾನಮ್ಮ ಕೇಳದೆ ಬಿಟ್ಟಾಳೆಯೇ? ಹಾಗಾಗಿ ಗಂಡನನ್ನು ಮಣ್ಣಿಗೆ ಕೊಟ್ಟ ದಿನ ಒಡೆಯಬೇಕಾದ ಹಸಿರು ಬಳೆಗಳನ್ನು ಅವಳು ಕೈತುಂಬ ಹಾಕಿಕೊಂಡೇ ಇದ್ದಳು. ಪಾತ್ರೆ ತಿಕ್ಕುವಾಗ ಒಂದು ಒಡೆದರೆ, ಎಲ್ಲ ಗೊತ್ತಿದ್ದ ಬಳೆಗಾರನ ಮುಂದೆ ಹೋಗಿ ಕೈ ಚಾಚಬೇಕು. ಅವನು ತಲೆ ತಗ್ಗಿಸಿ ತೊಡಿಸುತ್ತಿದ್ದ, ಅವಳು ತಲೆ ತಗ್ಗಿಸಿ ತೊಟ್ಟುಕೊಂಡು ಬರುತ್ತಿದ್ದಳು. ಅಳುವುದನ್ನೂ ಅವಳು ಬಳೆ ಸಪ್ಪಳವಾಗದಂತೆ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಕಲಿತಿದ್ದಳು. ಅದನ್ನು ನೋಡಿದಾಗಲೆಲ್ಲ ಶಂಕ್ರೆಪ್ಪನಿಗೆ ತನ್ನ ನಾಲಿಗೆಯನ್ನು ಇಕ್ಕಳದಿಂದ ಕಿತ್ತು ಹಾಕಬೇಕೆನ್ನಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಅನುಸೂಯಾ ಅಕ್ಕಿ ಆರಿಸುತ್ತಿದ್ದಳು, ಶಂಕ್ರೆಪ್ಪ ಚಹಾ ಕುಡಿಯುತ್ತಿದ್ದ. ಓಣಿಯ ಬಾಯಿಂದ ಆ ದನಿ ಬಂತು. ಗುರ್ರ್... ಗುರ್ರ್... ಟಕ್ಕು. ಅನುಸೂಯಾಳ ಕೈಯಿಂದ ಮೊರ ಜಾರಿತು.

ಮಾನಮ್ಮ ಗೋಡೆ ಹಿಡಿದು ಎದ್ದು ನಿಂತಳು. “ಬಂದ! ತಾಟ ಇಡವ್ವ!”

ಅಪ್ಪಾಸಾಹೇಬ ಅಷ್ಟು ದಿನ ಮನಸ್ಸಾಗದೆ ಅಂಗಳದಲ್ಲಿ ನಿಲ್ಲಿಸಿದ್ದ ಲಾರಿಯನ್ನು ದಿಗಂಬರ ಎಂಬ ಹೊಸ ಡ್ರೈವರನಿಗೆ ಕೊಟ್ಟಿದ್ದ. ಉದಗೀರ ಕಡೆಯ ಹುಡುಗ, ಅರ್ಧ ಮರಾಠಿ ಅರ್ಧ ಕನ್ನಡ, ಯಾರ ಗಾಡಿಯೆಂಬುದು ಅವನಿಗೇನು ಗೊತ್ತು. ಕಾಟಾದಲ್ಲಿ ಪಾಳಿ ಬರುವ ತನಕ ಚಹಾದಂಗಡಿಯಲ್ಲಿ ಕೂತ, ಇಂಜಿನು ಬಂದ್ ಮಾಡಲಿಲ್ಲ. ಆಮೇಲೆ ಹೊರಟುಹೋದ.

“ಬ್ಯಾರೆ ಗಾಡಿ ಇರಬೇಕು ಅತ್ತಿ,” ಎಂದಳು ಅನುಸೂಯಾ.

“ಕಣ್ಣ ಹೋಗ್ಯಾವ, ಕಿವಿ ಹೋಗಿಲ್ಲ,” ಎಂದಳು ಮಾನಮ್ಮ. ಅಂದು ಅವಳು ಉಣ್ಣಲಿಲ್ಲ.

ಮರುದಿನವೂ ಗಾಡಿ ಬಂತು, ಅದರ ಮರುದಿನವೂ. ಬಂದು ನಿಲ್ಲುವುದು, ಗುರುಗುಡುವುದು, ಹೋಗುವುದು. ಗುಜರಾತಿನ ಸುಳ್ಳಿಗೆ ಇನ್ನು ಕಾಲಿರಲಿಲ್ಲ. ಮಗ ಪುಣೆಗೆ ಬಂದಿದ್ದಾನೆ, ಮನೆಯ ಮುಂದಿನ ತನಕ ಬರುತ್ತಾನೆ, ಒಳಗೆ ಮಾತ್ರ ಬರುವುದಿಲ್ಲ. ಮಾನಮ್ಮನಿಗೆ ಅರ್ಥವಾದದ್ದು ಇಷ್ಟೇ. ಯಾಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಅವಳ ಹತ್ತಿರವೇ ಇತ್ತು.

“ಮಾರಿ ನೋಡಂಗಿಲ್ಲ ಅಂತ ನಾ ಅಂದಿದ್ನಲ್ಲ, ಆ ಮಾತು ಹಿಡಕೊಂಡು ಕುಂತಾನ,” ಎಂದು ತಮ್ಮನ ಮುಂದೆ ಅತ್ತಳು. “ಎಂಥಾ ಬಾಯಲೇ ನಂದು! ಅಂದದ್ದಕ್ಕ ಕಣ್ಣು ಹ್ವಾದ್ವು, ಮಗನೂ ಎರವಾದ. ಅವನ್ನ ಕರಕೊಂಡು ಬಾ ಶಂಕ್ರ್ಯಾ. ನೀ ಹೇಳಿದ್ರ ಕೇಳ್ತಾನ.”

ಆಗಲಾದರೂ ಹೇಳಬಹುದಿತ್ತು. ಶಂಕ್ರೆಪ್ಪ ಬಾಯಿ ತೆರೆದ, ಒಳಗಿನಿಂದ ಬಂದದ್ದು, “ನೋಡ್ತೀನಿ ಯಕ್ಕಾ.” ನೋಡುತ್ತಾನಂತೆ! ಇಂಥವರ ಕೈಯಲ್ಲಿ ಸತ್ಯ ಕೊಡಬಾರದು, ಕಿಸೆಯಲ್ಲಿಟ್ಟು ಮರೆತುಬಿಡುತ್ತಾರೆ.

ಮಾನಮ್ಮ ತಾನೇ ನಿರ್ಧಾರ ಮಾಡಿದಳು. “ನಾಳೆ ಗಾಡಿ ಬಂದ್ರ ನಾನೇ ಓಣಿ ಬಾಯಿತನಕ ಹೋಗ್ತೀನಿ. ದನಿ ಹಿಡಕೊಂಡು ಹೋದ್ರ ದಾರಿ ಸಿಗ್ತದ. ಮಗನ ಕಾಲು ಹಿಡಿಯೂದ್ರಾಗ ತಾಯಿಗೆ ಎಂಥಾ ನಾಚಿಕಿ?”

ಆ ಮಾತು ಶಂಕ್ರೆಪ್ಪನ ಎದೆಗೆ ಹೊಕ್ಕಿತು. ಅಕ್ಕ ತಡವರಿಸುತ್ತ ಹೋಗಿ, ಲಾರಿಯ ಬಾಗಿಲು ಮುಟ್ಟಿ, ಯಾವನೋ ಹುಡುಗನ ಕಾಲು ಹಿಡಿದು ಕ್ಷಮೆ ಕೇಳುವುದು ಅವನ ಕಣ್ಣ ಮುಂದೆ ಬಂತು. ಬೆಳಗಿನ ತನಕ ಮಗ್ಗಲು ಬದಲಿಸಿದ. ಬೆಳಗಾದಾಗ ಅವನಿಗೆ ಹೊಳೆದದ್ದು ಅವನ ಕಸುಬಿನ ಉಪಾಯ. ಬಾಯಿ ಇಲ್ಲದವನಿಗೆ ಕೈಯೇ ಬುದ್ಧಿ.

ದಿಗಂಬರನನ್ನು ಮಾಲಕನ ಅಂಗಳದಲ್ಲೇ ಹಿಡಿದು, “ಗಾಡಿ ಗ್ಯಾರೇಜಿಗೆ ಹಚ್ಚಪಾ. ಸ್ಲೋ ಭಾಳ ಇಳದದ, ಸೆಟ್ ಮಾಡ್ತೀನಿ,” ಎಂದ.

“ನಾನೇ ಬರಾವ ಇದ್ದೆ ಮಾಮಾ,” ಎಂದು ಹುಡುಗ ಹಿಗ್ಗಿದ. “ಸಿಗ್ನಲ್‌ನ್ಯಾಗ ನಿಂತ್ರ ಆಯಿಲ್ ಲೈಟ್ ಮಿಣಮಿಣ ಅಂತದ. ಮೊದಲಿನ ಡ್ರೈವರಗ ಗಾಡಿ ಕಾಳಜೀನೇ ಇರಲಿಲ್ಲ ಕಾಣ್ತದ.”

ಶಂಕ್ರೆಪ್ಪ ಚಿಂದಿ ಹೆಗಲಿಗೆ ಹಾಕಿಕೊಂಡ. ಬಾನೆಟ್ ಎತ್ತಿದ. ಇಂಜಿನು ಬಿಸಿಯಾಗಿಯೇ ಇತ್ತು. ಬಿಸಿಯಿದ್ದಾಗಲೇ ಸ್ಲೋ ಹಚ್ಚಬೇಕು, ತಣ್ಣಗಿದ್ದಾಗ ಹಚ್ಚಿದ್ದು ನಿಲ್ಲುವುದಿಲ್ಲ. ಡೀಸೆಲ್ ಪಂಪಿನ ಹಿಂಬದಿಯಲ್ಲಿ, ಎಕ್ಸಿಲರೇಟರಿನ ಸಲಾಕೆ ಬಂದು ಕೂಡುವ ಲಿವರು. ಆ ಲಿವರು ಹಿಂದೆ ಬಂದು ಆತು ನಿಲ್ಲುವ ಸಣ್ಣ ಸ್ಕ್ರೂ, ಅದು ಅಲುಗದಂತೆ ಬಿಗಿದ ನಟ್ಟು. ನಟ್ಟಿನ ಮೇಲಿನ ಎಣ್ಣೆಮಣ್ಣು ಒರೆಸಿದಾಗ ತನ್ನದೇ ಸ್ಪ್ಯಾನರಿನ ಹಳೆಯ ಗೀರು ಕಂಡಿತು. ಅಂದಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಪಕ್ಕದ ಮಡ್‌ಗಾರ್ಡಿನ ಮೇಲೆ ಒಂದು ಮೊಣಕೈ ಇರಬೇಕಾಗಿತ್ತು.

ಮೊದಲು ಹಳೆಯ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿದ. ಯಾಕೆ ಹಾಕಿದನೆಂದು ಅವನಿಗೂ ಗೊತ್ತಿರಲಿಲ್ಲ, ಕೈ ಹಾಕಿತು. ಆಮೇಲೆ ನಟ್ಟು ಸಡಿಲಿಸಿ ಸ್ಕ್ರೂ ಒಳಗೆ ತಿರುಗಿಸಿದ. ಬೀಸುವ ಕಲ್ಲು ಸ್ವಲ್ಪ ಅವಸರ ಮಾಡಿತು. ಇನ್ನೊಂದಿಷ್ಟು ತಿರುಗಿಸಿದ. ಸುತ್ತಿಗೂ ಸುತ್ತಿಗೂ ನಡುವಿದ್ದ ತಡೆ ಕರಗಿತು, ಕನ್ನಡಿಯ ಟಕ್ಕು ನಿಂತಿತು. ಇನ್ನೊಂದಿಷ್ಟು. ಈಗ ಅದು ಭೋಸರಿಯ ಯಾವುದೇ ಲಾರಿಯಂತೆ ಒಂದೇ ಸಮ ಹುಂಯ್ಯೆನ್ನತೊಡಗಿತು. ಆಯಿಲ್ ಲೈಟು ಆರಿತು. ಪಂಪು ಮಾಡಿದವರು ಹೇಳಿದ ಸ್ಲೋ ಅದೇ; ಆ ಗಾಡಿ ಇಷ್ಟು ಸರಿಯಾಗಿ ಎಂದೂ ಓಡಿರಲಿಲ್ಲ. ನಟ್ಟು ಬಿಗಿಯುವಾಗ ಶಂಕ್ರೆಪ್ಪನಿಗೆ ಅಳಿಯನನ್ನು ಇನ್ನೊಮ್ಮೆ ಮಣ್ಣಿಗಿಟ್ಟಂತಾಯಿತು. ಅವನು ಚಿಂದಿಯಿಂದ ಕೈ ಒರೆಸಿದ, ಅದೇ ಚಿಂದಿಯಿಂದ ಕಣ್ಣೂ ಒರೆಸಿದ.

“ಏ ವಾ! ಹೊಸಾ ಗಾಡಿ ಆತು ನೋಡ್ರಿ,” ಎಂದ ದಿಗಂಬರ.

ಸಂಜೆ ಶಂಕ್ರೆಪ್ಪ ಬೇಗ ಮನೆಗೆ ಬಂದ. ಮಾನಮ್ಮ ತಲೆಗೆ ಎರೆದುಕೊಂಡು, ಮಗ ಸೊಲ್ಲಾಪುರದಿಂದ ತಂದಿದ್ದ ಸೀರೆ ಉಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಬಟ್ಟೆಗಂಟು: ರೊಟ್ಟಿ, ಪುಂಡಿಪಲ್ಯ. ಕಾಣದ ಕಣ್ಣಲ್ಲಿ ತಾನೇ ಕಲ್ಲಿನ ಮುಂದೆ ಕೂತು ಜೋಳ ಬೀಸಿದ್ದಳಂತೆ. ಅನುಸೂಯಾ ಒಲೆಯ ಹತ್ತಿರ ನಿಂತು ತಂದೆಯನ್ನು ನೋಡಿದಳು. ಅವನು ಕಣ್ಣಿನಲ್ಲೇ, ಏನೂ ಆಗುವುದಿಲ್ಲ ಎಂದ.

ಕಾರ್ಖಾನೆಯ ಭೋಂಗಾ ಕೂಗಿತು. ಓಣಿಯ ಬಾಯಿಗೆ ಲಾರಿ ಬಂದು ನಿಂತಿತು. ಉದ್ದ ಮೂತಿ, ಸಡಿಲ ಕನ್ನಡಿ, ಎಲ್ಲವೂ ಶಂಕ್ರೆಪ್ಪನಿಗೆ ಕಾಣುತ್ತಿತ್ತು. ಅವನು ಅಕ್ಕನ ಮುಖ ನೋಡಿದ. ಅವಳು ಕಿವಿಗೊಟ್ಟಳು, ಅರ್ಧ ಎದ್ದಳು, ಮತ್ತೆ ಕೂತಳು.

“ಯಾವುದೋ ಬ್ಯಾರೆ ಗಾಡಿ,” ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಯಾವ ತಾಯಿ ಮಗನೋ ಏನೋ. ಇಳಿಹೊತ್ತಾತು. ಲಗೂನ ಮನಿ ಮುಟ್ಟಲಿ, ನಮ್ಮಪ್ಪ,” ಎಂದು ಆ ಕಡೆ ಕೈಯೆತ್ತಿದಳು.

ಶಂಕ್ರೆಪ್ಪ ಗೋಡೆಗೆ ಒರಗಿದ. ಉಪಾಯ ಫಲಿಸಿತ್ತು. ಗೆದ್ದವನಿಗೆ ಇಷ್ಟು ಸಂಕಟವಾಗಬಾರದು.

ಲಾರಿ ಹೋಯಿತು. ಓಣಿಯಲ್ಲಿ ದೀಪ ಹತ್ತಿದವು. ಮಾನಮ್ಮ ಗಂಟು ಬಿಡದೆ ಕೂತೇ ಇದ್ದಳು. ಚಳಿ ಅಂತ ಅನುಸೂಯಾ ಕರೆದರೂ ಏಳಲಿಲ್ಲ.

“ಬರಲಿಲ್ಲಲ್ಲೋ ತಮ್ಮಾ.”

“ಮತ್ತ ಗುಜರಾತಿಗೆ ಹ್ವಾದ್ನಂತ ಯಕ್ಕಾ. ಮಾಲಕ ಹೇಳ್ತಿದ್ದ.”

ಮಾನಮ್ಮ ಮಡಿಲ ಗಂಟಿನ ಬಟ್ಟೆಯನ್ನು ಬೆರಳಿನಿಂದ ತಡವಿದಳು. ಆಮೇಲೆ ಮಾತಾಡಿದಾಗ ಅವಳ ದನಿಯಲ್ಲಿ ಅಳು ಇರಲಿಲ್ಲ, ಅದೇ ಶಂಕ್ರೆಪ್ಪನನ್ನು ಹೆದರಿಸಿತು.

“ಸಣ್ಣವ ಇದ್ದಾಗ ಸಿಟ್ಟಿಗೆದ್ದು ಮನಿ ಬಿಟ್ಟು ಹೋಗ್ತಿದ್ದ. ಎಲ್ಲಿ ಹೋಗ್ತಿದ್ದ? ಬೇವಿನ ಗಿಡದ ತನಕ. ನಾ ಕರಿಯೂತನಕ ಅಲ್ಲೇ ನಿಂತಿರತಿದ್ದ. ಇಷ್ಟು ದಿನ ಹಂಗೇ ನಿಂತಾನಂತ ತಿಳಕೊಂಡಿದ್ದೆ. ಅವ್ವ ಕರೀಲಿ ಅಂತ ಓಣಿ ಬಾಯಿಗೆ ಬಂದು ನಿಲ್ಲತಾನ ಅಂತ.” ಅವಳು ತಮ್ಮನಿದ್ದ ಕಡೆ ಮುಖ ತಿರುಗಿಸಿದಳು. “ಇವತ್ತ ಕರೀಲಿಕ್ಕ ಹೋಗ್ತೀನಿ ಅಂದದ್ದು ನಿಮ್ಮಿಬ್ಬರ ಮುಂದ ಅಷ್ಟೇ. ಇವತ್ತೇ ಗಾಡಿ ಬರಲಿಲ್ಲ. ನಾ ಬರಬಾರದಂತ ನೀವೇ ನಿಲ್ಲಿಸೀರಿ. ಯಾಕ ನಿಲ್ಲಿಸೀರಿ ಶಂಕ್ರ್ಯಾ? ಗಾಡ್ಯಾಗ ನನ್ನ ಮಗ ಇಲ್ಲೇನು?”

ಶಂಕ್ರೆಪ್ಪ ಮಗಳ ಕಡೆ ತಿರುಗಿದ.

“ಎಲ್ಲೂ ಇಲ್ಲೇನು?”

ಉತ್ತರ ಒಲೆಯ ಕಡೆಯಿಂದ ಬಂತು. ಅಷ್ಟು ತಿಂಗಳು ಮಡಿಲಲ್ಲಿ ಒತ್ತಿ ಹಿಡಿದಿದ್ದ ಕೈಗಳನ್ನು ಅನುಸೂಯಾ ಈಗ ಹಿಡಿಯಲಾರದೆ ಹೋದಳು. ಅವಳು ಮುಖ ಮುಚ್ಚಿ ಬಿಕ್ಕಿದಾಗ ಎರಡೂ ಕೈಯ ಬಳೆಗಳು ಗಲಗಲ ನಡುಗಿದವು. ಮಾನಮ್ಮ ಆ ಸಪ್ಪಳವನ್ನು ಕೊನೆಯ ತನಕ ಕೇಳಿಸಿಕೊಂಡಳು. ಮಡಿಲಿನ ಗಂಟು ತಾನಾಗಿ ಜಾರಿ ಹೊಸ್ತಿಲ ಕೆಳಗೆ ಬಿತ್ತು.

ಅವಳು ಎದೆ ಬಡಿದುಕೊಂಡು ಅತ್ತಳು. ಹೊಲಿಗೆ ಬಿಚ್ಚುವ ಭಯ ಈಗ ಯಾರಿಗೂ ಇರಲಿಲ್ಲ. ಶಿವಬಸವ್ವ ಬಂದಳು, ಓಣಿಯ ಹೆಂಗಸರೆಲ್ಲ ಬಂದರು, ತಿಂಗಳುಗಟ್ಟಲೆ ಬಾಕಿಯಿದ್ದ ಅಳುವನ್ನು ಎಲ್ಲರೂ ಕೂಡಿ ಅತ್ತರು. ಘಾಟಿನ ಕಥೆಯನ್ನು, ಹೊಸ ಡ್ರೈವರನ ಮತ್ತು ತಾನು ತಿರುಗಿಸಿದ ಸ್ಕ್ರೂವಿನ ವಿಷಯವನ್ನು ಶಂಕ್ರೆಪ್ಪ ಅವರ ನಡುವೆಯೇ, ತುಂಡುತುಂಡಾಗಿ ಹೇಳಿದ. ಗಾಡಿ ಚಾಲೂ ಇತ್ತೇ ಎಂದು ಅವಳು ಕೇಳಿದಳು. ಇತ್ತು ಎಂದ. ಹಾಗಾದರೆ ನನ್ನ ಕಲ್ಲಿನ ದನಿ ಕೇಳುತ್ತಲೇ ಹೋದ ಎಂದಳು.

ಹೆಂಗಸರು ಚದುರಿದ ಮೇಲೆ ಶಂಕ್ರೆಪ್ಪ ಅಕ್ಕನ ಕಾಲ ಹತ್ತಿರ ಕೂತ. “ನಂದು ತಪ್ಪಾತು ಯಕ್ಕಾ. ಸ್ಕ್ರೂಕ್ಕ ಗುರ್ತು ಹಾಕೀನಿ. ನಾಳೆ ಮತ್ತ ಮೊದಲಿನಂಗ ಮಾಡ್ತೀನಿ. ನಿನಗ ದಿನಾ ಕೇಳ್ತದ.”

“ಬ್ಯಾಡ,” ಎಂದಳು ಮಾನಮ್ಮ. “ಆ ಹುಡುಗ ತನ್ನ ಗಾಡಿ ತನ್ನ ದನೀಲೆ ತಗೊಂಡು ಹೋಗ್ಲಿ. ಅವಗೂ ಒಬ್ಬಾಕಿ ಅವ್ವ ಇರಬೇಕು.”

ಅಷ್ಟರಲ್ಲಿ ಅನುಸೂಯಾ ಎದುರಿಗೆ ಬಂದು ಕೂತಳು. ಇನ್ನು ಬಚ್ಚಿಡುವುದೇನೂ ಉಳಿದಿರಲಿಲ್ಲ. ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಲ್ಲಿ ಕೂಡಿಸಿ ಹಿಡಿದು ನೆಲಕ್ಕೆ ಬಡಿಯಲೆಂದು ಎತ್ತಿದಳು. ಗಾಜು ಗಾಜಿಗೆ ತಾಗಿದ ಸಣ್ಣ ಸಪ್ಪಳಕ್ಕೇ ಮಾನಮ್ಮ ಬಾಗಿ, ಗಾಳಿಯಲ್ಲಿ ತಡವಿ, ಸೊಸೆಯ ಮಣಿಕಟ್ಟು ಹಿಡಿದುಕೊಂಡಳು.

“ಒಡೀಬ್ಯಾಡವ್ವ,” ಎಂದಳು. “ಗಾಡಿ ದನಿ ಹೋತು. ಇದನ್ನೂ ಒಡದ್ರ ಈ ಮನ್ಯಾಗ ನಾ ಏನು ಕೇಳ್ಕೋತ ಕುಂದ್ರಲಿ?”